ಮೊದಲು ಇಬ್ಬರು, ಆಮೇಲೆ ಒಬ್ಬೊಬ್ಬರು: ಓಪಿಡಿ ಕ್ಯೂ ಬಗ್ಗೆ 1952ರ ಒಂದು ಪ್ರಕರಣ

ಅಮ್ಮನ ಮಂಡಿ ನೋವು ತೋರಿಸಲು ಆಸ್ಪತ್ರೆಗೆ ಹೋಗಿದ್ದೆವು. ಕೈಗೆ ಕೊಟ್ಟ ಚೀಟಿಯಲ್ಲಿ 'ಬೆಳಿಗ್ಗೆ 9' ಎಂದು ಬರೆದಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜನ ಚೀಟಿಯಲ್ಲೂ 9. ಅವರ ಆಚೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಹುಡುಗನದ್ದೂ 9. ಕುರ್ಚಿಗಳು ಯಾವಾಗಲೋ ತುಂಬಿದ್ದವು. ಬಾಗಿಲ ಪಕ್ಕ, ಮೆಟ್ಟಿಲ ಮೇಲೆ, ನೀರಿನ ಫಿಲ್ಟರ್ ಹತ್ತಿರ ಎಲ್ಲ ಕಡೆ 'ಒಂಬತ್ತು ಗಂಟೆ'ಯವರೇ. ಒಳಗಿದ್ದದ್ದು ಒಬ್ಬರೇ ಡಾಕ್ಟರು.

ಕೌಂಟರ್‌ನಲ್ಲಿ ಕೇಳಿದೆ. "ಎಲ್ಲರಿಗೂ ಒಂಬತ್ತಕ್ಕೇ ಬರೋಕೆ ಹೇಳಿದೀರಲ್ಲ ಮೇಡಂ?"

"ಡಾಕ್ಟ್ರು ಬಂದಾಗ ಪೇಷೆಂಟ್ ಇಲ್ಲ ಅಂದ್ರೆ ನಮಗೆ ಬೈತಾರೆ ಸರ್."

ಪಾಪ, ಮುಚ್ಚುಮರೆಯಿಲ್ಲದೆ ಹೇಳಿದರು. ಓಪಿಡಿ ಕ್ಯೂ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಆ ಒಂದು ಮಾತಿನಲ್ಲಿ ಜಾಸ್ತಿ ಇತ್ತು. 70 ವರ್ಷಗಳ ಹಿಂದೆ ಬ್ರಿಟನ್ನಿನಲ್ಲಿ ನಾರ್ಮನ್ ಬೇಯ್ಲಿ ಎಂಬ ಸಂಖ್ಯಾಶಾಸ್ತ್ರಜ್ಞರು ಲೆಕ್ಕಕ್ಕೆ ಇಳಿಸಿದ್ದು ಹೆಚ್ಚುಕಡಿಮೆ ಇದೇ ಮಾತನ್ನು. ಆಸ್ಪತ್ರೆಯ ಕ್ಯೂಗಳಿಗೆ ಸಿಮ್ಯುಲೇಶನ್ (ನಿಜದಲ್ಲಿ ನಡೆಯುವುದನ್ನು ಅಂಕಿಗಳಲ್ಲಿ ಆಡಿ ನೋಡುವ ರೀತಿ) ಬಳಸಿದ ಮೊದಮೊದಲ ಕೆಲಸಗಳಲ್ಲಿ ಅದೂ ಒಂದು. ಇವತ್ತಿಗೂ ಅದನ್ನು ಅಡುಗೆಮನೆ ಮೇಜಿನ ಮೇಲೆ ಒಂದು ಲೂಡೋ ದಾಳ ಇಟ್ಟುಕೊಂಡು ಮಾಡಿ ನೋಡಬಹುದು. ನಾನು ಮಾಡಿ ನೋಡಿದೆ.

ಅಲ್ಲಿ ಏನಾಗಿತ್ತು

1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ನ್ಯಾಷನಲ್ ಹೆಲ್ತ್ ಸರ್ವಿಸ್ ಶುರುವಾಯಿತು. ಡಾಕ್ಟರಿಗೆ ತೋರಿಸಲು ಜೇಬಿನಿಂದ ದುಡ್ಡು ಕೊಡಬೇಕಿಲ್ಲ. ಆದರೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕಾಯುವುದು ಮಾತ್ರ ತಪ್ಪಲಿಲ್ಲ. ಕನ್ಸಲ್ಟೆಂಟ್, ಅಂದರೆ ನಮ್ಮ ಮಾತಿನಲ್ಲಿ 'ದೊಡ್ಡ ಡಾಕ್ಟರು', ಕೂರುವ ಹೊತ್ತಿಗೆ ರೋಗಿಗಳನ್ನೆಲ್ಲ ಒಟ್ಟಿಗೇ ಕರೆಸಿ ಬೆಂಚಿನ ಮೇಲೆ ಕೂರಿಸುವುದು ಬಹಳ ಕಡೆ ರೂಢಿಯಲ್ಲಿತ್ತು.

ಅದೇ ಕಾಲಕ್ಕೆ ನಫೀಲ್ಡ್ ಪ್ರಾವಿನ್ಶಿಯಲ್ ಹಾಸ್ಪಿಟಲ್ಸ್ ಟ್ರಸ್ಟ್, ಆಸ್ಪತ್ರೆಗಳನ್ನು ಹೇಗೆ ಕಟ್ಟಬೇಕು ಎಂದು ಒಂದು ದೊಡ್ಡ ಅಧ್ಯಯನ ಮಾಡಿಸುತ್ತಿತ್ತು. ಮಾರಿಸ್ ಕಾರು ಕಂಪನಿ ಕಟ್ಟಿದ ಲಾರ್ಡ್ ನಫೀಲ್ಡ್ ಅವರ ಹಣದಲ್ಲಿ ಹುಟ್ಟಿದ ಟ್ರಸ್ಟ್ ಅದು. ಕಟ್ಟಡದ ಪ್ರಶ್ನೆಗೂ ಕ್ಯೂಗೂ ಏನು ಸಂಬಂಧ ಅನ್ನಿಸಬಹುದು. ಇದೆ. ಕಾಯುವ ಹಾಲ್ ಎಷ್ಟು ದೊಡ್ಡದಿರಬೇಕು ಎನ್ನುವುದು ಒಂದು ಹೊತ್ತಿಗೆ ಎಷ್ಟು ಜನ ಕಾಯುತ್ತಿರುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಎಷ್ಟು ಜನ ಕಾಯುತ್ತಾರೆ ಎನ್ನುವುದು ಅವರನ್ನು ಯಾವಾಗ ಬರಹೇಳುತ್ತೀರಿ ಎನ್ನುವುದರ ಮೇಲೆ. ನಮ್ಮಲ್ಲಿ ಜನ ಹೆಚ್ಚಾದರೆ ಇನ್ನೂ ಎರಡು ಸಾಲು ಸ್ಟೀಲ್ ಕುರ್ಚಿ ಹಾಕಿಸುತ್ತೇವೆ. ಚೀಟಿಯಲ್ಲಿ ಬರೆದ ಸಮಯವನ್ನು ಯಾರೂ ಮುಟ್ಟುವುದಿಲ್ಲ.

ಬೇಯ್ಲಿ 1952ರಲ್ಲಿ ಈ ಬಗ್ಗೆ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ವೆಲ್ಚ್ ಎಂಬುವರ ಜೊತೆ ಸೇರಿ, ಡಾಕ್ಟರುಗಳಿಗೆ ಅರ್ಥವಾಗುವ ಹಾಗೆ ವೈದ್ಯಕೀಯ ಪತ್ರಿಕೆಯಾದ ಲ್ಯಾನ್ಸೆಟ್‌ನಲ್ಲಿ ಇನ್ನೊಂದು ಲೇಖನ ಬರೆದರು. ಒಂದೇ ವಿಷಯವನ್ನು ಲೆಕ್ಕದವರಿಗೆ ಒಂದು ಭಾಷೆಯಲ್ಲಿ, ಆಸ್ಪತ್ರೆಯವರಿಗೆ ಇನ್ನೊಂದು ಭಾಷೆಯಲ್ಲಿ ಹೇಳಿದ್ದು ನನಗೆ ಬಹಳ ಹಿಡಿಸಿತು.

ಸೂತ್ರ ಯಾಕೆ ಸಾಲಲಿಲ್ಲ

ಕ್ಯೂ ಬಗ್ಗೆ ಗಣಿತ ಆಗಲೇ ಇತ್ತು. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲೇ ಕೋಪನ್‌ಹೇಗನ್ ಟೆಲಿಫೋನ್ ಕರೆಗಳ ಮೇಲೆ ಅದನ್ನು ಶುರು ಮಾಡಿದ್ದರು. ಆದರೆ ಆ ಸೂತ್ರಗಳು ಎಂದೂ ಮುಗಿಯದ ಕ್ಯೂಗೆ ಹೊಂದುವಂಥವು. ಟೆಲಿಫೋನ್ ಎಕ್ಸ್‌ಚೇಂಜಿಗೆ ಬಾಗಿಲು ಹಾಕುವ ಹೊತ್ತು ಅಂತ ಇಲ್ಲ. ಓಪಿಡಿ ಹಾಗಲ್ಲ. ಖಾಲಿಯಾಗಿ ಶುರುವಾಗುತ್ತದೆ, ಇಪ್ಪತ್ತೈದೋ ಮೂವತ್ತೋ ಜನರನ್ನು ನೋಡಿ ಮುಗಿಯುತ್ತದೆ.

ಇನ್ನೂ ಒಂದು ತಮಾಷೆ ಇದೆ. ಒಬ್ಬರನ್ನು ನೋಡಲು ಸರಾಸರಿ 5 ನಿಮಿಷ ಹಿಡಿಯುತ್ತದೆ, 5 ನಿಮಿಷಕ್ಕೊಬ್ಬರನ್ನು ಕರೆಯುತ್ತೀರಿ ಎಂದುಕೊಳ್ಳಿ. ತಪಾಸಣೆಯ ಹೊತ್ತು ಒಬ್ಬರಿಂದೊಬ್ಬರಿಗೆ ಏರುಪೇರಾಗುತ್ತಿದ್ದರೆ ಹಳೆಯ ಸೂತ್ರದ ಪ್ರಕಾರ ಕ್ಯೂಗೆ ಕೊನೆಯೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ. ನಿಜದಲ್ಲಿ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಮನೆ ಸೇರಿರುತ್ತಾರೆ.

ಹಾಗಾಗಿ ಬೇಯ್ಲಿ ಸೂತ್ರ ಬಿಟ್ಟು ಕ್ಲಿನಿಕ್ಕಿನ ಆಟವನ್ನೇ ಕಾಗದದ ಮೇಲೆ ಆಡಿದರು. ನಿಜವಾದ ಕ್ಲಿನಿಕ್‌ಗಳಲ್ಲಿ ಒಬ್ಬೊಬ್ಬ ರೋಗಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದಿದ್ದರು. ಹೆಚ್ಚಿನವರದ್ದು ಬೇಗ ಮುಗಿಯುತ್ತದೆ, ಕೆಲವರದ್ದು ಮಾತ್ರ ಎಳೆಯುತ್ತದೆ. ಆ ಅಳತೆಗೆ ಹೊಂದುವ ಹಾಗೆ ರ್‍ಯಾಂಡಮ್ ಅಂಕಿಗಳ ಪಟ್ಟಿಯಿಂದ ಒಂದೊಂದು ಅಂಕಿ ಎತ್ತಿ, 'ಈ ರೋಗಿಗೆ ಇಷ್ಟು ನಿಮಿಷ' ಎಂದು ಬರೆದುಕೊಳ್ಳುತ್ತಾ ಹೋಗುವುದು. ಆ ಕಾಲದಲ್ಲಿ ಇಂಥ ಪಟ್ಟಿಗಳೇ ಪುಸ್ತಕವಾಗಿ ಸಿಗುತ್ತಿದ್ದವು. 1927ರಲ್ಲಿ ಟಿಪ್ಪೆಟ್ ಎಂಬುವರು ಜನಗಣತಿ ವರದಿಗಳಿಂದ ಅಂಕಿ ಹೆಕ್ಕಿ 41,600 ಅಂಕಿಗಳ ಪಟ್ಟಿ ಅಚ್ಚು ಹಾಕಿಸಿದ್ದರು. ಅರ್ಥವಿಲ್ಲದ ಅಂಕಿಗಳ ಪುಸ್ತಕ! ಅದನ್ನು ಕೊಳ್ಳುವವರೂ ಇದ್ದರು. ಕೇಂಬ್ರಿಡ್ಜ್‌ನಲ್ಲಿ ಎಡ್ಸ್ಯಾಕ್ ಎಂಬ ಕಂಪ್ಯೂಟರ್ 1949ರಿಂದ ಓಡುತ್ತಿತ್ತು ನಿಜ, ಆದರೆ ಈ ಕೆಲಸಕ್ಕೆ ಕಾಗದ, ಪೆನ್ಸಿಲ್, ತಾಳ್ಮೆ ಸಾಕಾಯಿತು.

ದಾಳ ಹಾಕಿ ನೋಡೋಣ

ಟಿಪ್ಪೆಟ್ ಪಟ್ಟಿ ನನ್ನ ಹತ್ತಿರ ಇಲ್ಲ. ಮಗಳ ಲೂಡೋ ಡಬ್ಬಿಯಿಂದ ದಾಳ ತೆಗೆದುಕೊಂಡೆ. 1 ಬಿದ್ದರೆ ಆ ರೋಗಿಗೆ 2 ನಿಮಿಷ, 2 ಬಿದ್ದರೆ 3, 3ಕ್ಕೆ 4, 4ಕ್ಕೆ 5, 5ಕ್ಕೆ 6. ಆರು ಬಿದ್ದರೆ 10 ನಿಮಿಷ. ಆರು ಬಿದ್ದವರು ಅಂದರೆ ಫೈಲ್ ತುಂಬಾ ಹಳೇ ರಿಪೋರ್ಟ್ ತಂದವರು, ಮಗನ ಮದುವೆ ವಿಷಯವನ್ನೂ ಹೇಳುವವರು. ಎಲ್ಲ ಕೂಡಿ ಆರರಿಂದ ಭಾಗಿಸಿದರೆ ಸರಾಸರಿ ಸರಿಯಾಗಿ 5 ನಿಮಿಷ.

ಹತ್ತು ಜನ ರೋಗಿಗಳು. ಮೊದಲ ಸುತ್ತಿನಲ್ಲಿ ಬಿದ್ದ ನಿಮಿಷಗಳು: 4, 10, 2, 6, 3, 5, 10, 2, 4, 6. ಒಟ್ಟು 52.

ಇದೇ ಹತ್ತು ಜನರನ್ನು ಮೂರು ರೀತಿಯಲ್ಲಿ ಕರೆಸಿದೆ. ಒಂದು, ನಮ್ಮ ಆಸ್ಪತ್ರೆಯ ಹಾಗೆ ಎಲ್ಲರೂ 9ಕ್ಕೆ. ಎರಡು, 5 ನಿಮಿಷಕ್ಕೊಬ್ಬರು: 9.00, 9.05, 9.10, ಹೀಗೆ. ಮೂರು, ಬೇಯ್ಲಿ ಮತ್ತು ವೆಲ್ಚ್ ಹೇಳಿದ್ದು: 9ಕ್ಕೆ ಇಬ್ಬರು, ಆಮೇಲೆ 5 ನಿಮಿಷಕ್ಕೊಬ್ಬರು.

ಲೆಕ್ಕ ಮಾಡುವ ರೀತಿ ಕಿರಾಣಿ ಅಂಗಡಿ ಲೆಕ್ಕದಷ್ಟೇ ಸುಲಭ. ನಿಮಗಿಂತ ಮುಂಚಿನವರು ಕಾದ ಹೊತ್ತಿಗೆ ಅವರ ತಪಾಸಣೆಯ ಹೊತ್ತು ಕೂಡಿಸಿ. ನೀವು ಅವರಿಗಿಂತ ಎಷ್ಟು ನಿಮಿಷ ತಡವಾಗಿ ಬಂದಿರೋ ಅಷ್ಟನ್ನು ಕಳೆಯಿರಿ. ಉಳಿದದ್ದು ನೀವು ಕಾಯುವ ಹೊತ್ತು. ಸೊನ್ನೆಗಿಂತ ಕಡಿಮೆ ಬಂದರೆ ನೀವು ಕಾಯುವುದಿಲ್ಲ, ಡಾಕ್ಟರು ನಿಮಗಾಗಿ ಕಾಯುತ್ತಾರೆ. ಕ್ಯೂ ಗಣಿತದಲ್ಲಿ ಇದಕ್ಕೆ ಲಿಂಡ್ಲಿ ಎಂಬ ಸಂಖ್ಯಾಶಾಸ್ತ್ರಜ್ಞರ ಹೆಸರಿದೆ. ಅವರು ಅದನ್ನು ಪ್ರಕಟಿಸಿದ್ದೂ 1952ರಲ್ಲೇ.

ಎಲ್ಲರೂ 9ಕ್ಕೆ ಬಂದಾಗ ಹತ್ತು ಜನ ಸೇರಿ ಕಾದದ್ದು 239 ನಿಮಿಷ, ತಲೆಗೆ ಸುಮಾರು 24. ಕೊನೆಯವರು 46 ನಿಮಿಷ ಕೂತರು. ಡಾಕ್ಟರು ಒಂದು ನಿಮಿಷವೂ ಖಾಲಿ ಇಲ್ಲ. 5 ನಿಮಿಷಕ್ಕೊಬ್ಬರು ಎಂದಾಗ ರೋಗಿಗಳು ಕಾದದ್ದು ಬರೀ 23 ನಿಮಿಷ. ಹೌದು, ಹತ್ತೂ ಜನ ಸೇರಿ. ಡಾಕ್ಟರು ಖಾಲಿ ಕೂತದ್ದು 1 ನಿಮಿಷ. ಮೊದಲಿಗೆ ಇಬ್ಬರನ್ನು ಕರೆದಾಗ ರೋಗಿಗಳು ಕಾದದ್ದು 59, ಡಾಕ್ಟರು ಖಾಲಿ ಕೂತದ್ದು 0.

ಇಷ್ಟು ನೋಡಿ 'ಹಾಗಾದರೆ ಎರಡನೇ ರೀತಿಯೇ ಚೆಂದ, ಇಬ್ಬರನ್ನು ಯಾಕೆ ಕರೀಬೇಕು?' ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಒಂದೇ ಸುತ್ತು ಆಡಿ ನಿರ್ಧಾರ ಮಾಡುವುದರ ಅಪಾಯ ಇದು. ಇನ್ನೊಂದು ಸುತ್ತು ಹಾಕಿದೆ.

ಈ ಸಲ ಮೊದಲೆಲ್ಲ ಚಿಕ್ಕ ಕೇಸುಗಳು ಬಿದ್ದವು: 2, 3, 2, 4, 3, 10, 5, 10, 6, 4. ಒಟ್ಟು 49. ಎಲ್ಲರೂ 9ಕ್ಕೆ ಬಂದರೆ ರೋಗಿಗಳು ಕಾಯುವುದು 176 ನಿಮಿಷ, ಡಾಕ್ಟರು 0. 5 ನಿಮಿಷಕ್ಕೊಬ್ಬರಾದರೆ ರೋಗಿಗಳು 31, ಡಾಕ್ಟರು ಖಾಲಿ 11 ನಿಮಿಷ. ಕ್ಲಿನಿಕ್ ಮುಗಿದಾಗ ಸರಿಯಾಗಿ ಹತ್ತು ಗಂಟೆ. ಮೊದಲಿಗೆ ಇಬ್ಬರಾದರೆ ರೋಗಿಗಳು 33, ಡಾಕ್ಟರು ಖಾಲಿ 6 ನಿಮಿಷ. ಮುಗಿದದ್ದು 9.55ಕ್ಕೆ.

ಈಗ ಆ ಎರಡನೇ ವ್ಯಕ್ತಿ ಯಾಕೆ ಬೇಕು ಎನ್ನುವುದು ಕಾಣುತ್ತದೆ. ಮೊದಲನೆಯವರು ಎರಡೇ ನಿಮಿಷಕ್ಕೆ ಎದ್ದು ಹೋದರೆ ಒಳಗೆ ಹೋಗಲು ಒಬ್ಬರು ತಯಾರಿರಬೇಕು. ಮೊದಲನೆಯವರು ಬರಲೇ ಇಲ್ಲ ಅಂದರೂ ಅಷ್ಟೇ. ಮದುವೆ ಮನೆಯ ಪಂಕ್ತಿಯಲ್ಲಿ ಊಟ ಮಾಡುವವರ ಕುರ್ಚಿ ಹಿಂದೆ ಒಬ್ಬರು ನಿಂತಿರುತ್ತಾರಲ್ವಾ, ಹಾಗೆ. ಒಬ್ಬರು ನಿಂತರೆ ಸಾಕು, ಇಡೀ ಛತ್ರವೇ ಎಲೆ ಹಿಂದೆ ಬಂದು ನಿಲ್ಲಬೇಕಿಲ್ಲ. ಬೇಯ್ಲಿ ಮತ್ತು ವೆಲ್ಚ್ ಇದನ್ನು ಇನ್ನೊಂದು ರೀತಿಯಲ್ಲೂ ಹೇಳುತ್ತಾರೆ: ಎಲ್ಲರಿಗೂ ಸಮನಾದ ಅಂತರದಲ್ಲಿ ಸಮಯ ಕೊಡಿ, ಡಾಕ್ಟರು ಎರಡನೇ ರೋಗಿ ಬರುವ ಹೊತ್ತಿಗೆ ಬಂದು ಕೂರಲಿ.

ಎರಡು ಸುತ್ತಿನಲ್ಲಿ ಸತ್ಯ ಪೂರ್ತಿ ಸಿಗುವುದಿಲ್ಲ. ಬೇಯ್ಲಿ ಇಂಥ ಕ್ಲಿನಿಕ್‌ಗಳನ್ನು ಕೈಯಲ್ಲೇ ಹತ್ತಾರು ಸಲ ನಡೆಸಿ ನೋಡಿದ್ದರು. ಇವತ್ತು ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಬರೆದರೆ ಹತ್ತು ಸಾವಿರ ಸುತ್ತು ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಆದರೂ ಒಂದು ಸುತ್ತನ್ನಾದರೂ ಕೈಯಲ್ಲೇ ಆಡಿ ಎನ್ನುತ್ತೇನೆ. ಏಳನೆಯವರಿಗೆ 10 ನಿಮಿಷ ಬಿದ್ದಾಗ ಎಂಟನೆಯವರ ಹೊಟ್ಟೆಯಲ್ಲಿ ಏನಾಗುತ್ತದೆ ಎನ್ನುವುದು ಪರದೆ ಮೇಲಿನ ಗ್ರಾಫಿನಲ್ಲಿ ಕಾಣುವುದಿಲ್ಲ.

ಯಾರ ನಿಮಿಷಕ್ಕೆ ಎಷ್ಟು ಬೆಲೆ

ಕೌಂಟರ್ ಮೇಡಂ ಹೇಳಿದ ಮಾತಿಗೆ ವಾಪಸ್ ಬರೋಣ. ನನ್ನ ಎರಡೂ ಸುತ್ತು ಕೂಡಿಸಿದರೆ, ಎಲ್ಲರೂ 9ಕ್ಕೆ ಬಂದಾಗ ರೋಗಿಗಳು ಕಾದದ್ದು 415 ನಿಮಿಷ, ಡಾಕ್ಟರು ಖಾಲಿ 0. ಮೊದಲಿಗೆ ಇಬ್ಬರು ಎಂದಾಗ ರೋಗಿಗಳು 92, ಡಾಕ್ಟರು 6. ಅಂದರೆ ಡಾಕ್ಟರ ಆರು ನಿಮಿಷ ಉಳಿಸಲು ರೋಗಿಗಳಿಂದ 323 ನಿಮಿಷ ಕಿತ್ತುಕೊಂಡ ಹಾಗಾಯಿತು. ಡಾಕ್ಟರ ಒಂದು ನಿಮಿಷಕ್ಕೆ ರೋಗಿಗಳ ಸುಮಾರು 54 ನಿಮಿಷ.

ಡಾಕ್ಟರ ಸಮಯಕ್ಕೆ ಬೆಲೆ ಜಾಸ್ತಿ ಎನ್ನುವುದರಲ್ಲಿ ತಕರಾರಿಲ್ಲ. ಅವರು ಖಾಲಿ ಕೂತರೆ ಹೊರಗೆ ಕೂತವರಿಗೇ ನಷ್ಟ. ಎರಡನೇ ರೀತಿಯಿಂದ ಮೂರನೇ ರೀತಿಗೆ ಬಂದಾಗಲೂ ಡಾಕ್ಟರ 6 ನಿಮಿಷ ಉಳಿಸಲು ರೋಗಿಗಳು 38 ನಿಮಿಷ ಹೆಚ್ಚು ಕಾಯುತ್ತಾರೆ, ಒಂದಕ್ಕೆ ಆರರ ಲೆಕ್ಕ. ಅದು ಒಪ್ಪಬಹುದಾದ ವ್ಯಾಪಾರ. ಒಂದಕ್ಕೆ ಐವತ್ತನಾಲ್ಕು? 'ಎಲ್ಲರೂ ಒಂಬತ್ತಕ್ಕೆ ಬನ್ನಿ' ಎಂದು ಬರೆಯುವವರು ಈ ಬೆಲೆಯನ್ನು ಯಾವತ್ತೂ ಕಟ್ಟಿ ನೋಡಿರುವುದಿಲ್ಲ. ಚೀಟಿ ಬರೆದ ಕ್ಷಣವೇ ಬೆಲೆ ಗೊತ್ತಾಗಿಹೋಗಿರುತ್ತದೆ, ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ ಅಷ್ಟೇ. ಬೇಯ್ಲಿ ಅವರ ಕೆಲಸದ ಗಟ್ಟಿತನ ನನಗೆ ಕಾಣುವುದು ಇಲ್ಲಿ. ರೋಗಿ ಕಾಯುವ ಹೊತ್ತು, ಡಾಕ್ಟರು ಖಾಲಿ ಕೂರುವ ಹೊತ್ತು ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದರು.

ಇನ್ನೊಂದು ಸಂಗತಿಯನ್ನೂ ದಾಳವೇ ಹೇಳಿತು. ಮೊದಲ ಸುತ್ತನ್ನೇ ತೆಗೆದುಕೊಂಡು, 'ಮೊದಲಿಗೆ ಇಬ್ಬರು' ಎಂಬ ಬೇಯ್ಲಿ ನಿಯಮವನ್ನೇ ಇಟ್ಟುಕೊಂಡು, ಡಾಕ್ಟರನ್ನು ಮಾತ್ರ 20 ನಿಮಿಷ ತಡ ಮಾಡಿದೆ. ರೋಗಿಗಳು ತಲೆಗೆ ಸುಮಾರು 6 ನಿಮಿಷ ಕಾಯುತ್ತಿದ್ದವರು ಈಗ 26 ನಿಮಿಷ ಕಾದರು. ಡಾಕ್ಟರು ಹೊತ್ತಿಗೆ ಸರಿಯಾಗಿ ಬಂದು ಎಲ್ಲರನ್ನೂ 9ಕ್ಕೇ ಕರೆಸಿದ್ದರೆ 24 ನಿಮಿಷ ಆಗುತ್ತಿತ್ತು. ಅಂದರೆ ಇಪ್ಪತ್ತು ನಿಮಿಷದ ತಡ ಅಷ್ಟೂ ಜಾಣತನವನ್ನು ನುಂಗಿ ಹಾಕಿತು. ಕ್ಲಿನಿಕ್ಕಿಗೆ ಮುಂಚೆ ವಾರ್ಡ್ ರೌಂಡ್ಸ್ ಇಟ್ಟುಕೊಂಡ ಕಡೆ, ಆಪರೇಶನ್ ಮುಗಿಸಿ ನೇರ ಓಪಿಡಿಗೆ ಬರುವ ಕಡೆ ಇದು ದಿನಾ ನಡೆಯುತ್ತದೆ. ಅಲ್ಲಿ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಕೊಂಡು ಏನೂ ಪ್ರಯೋಜನವಿಲ್ಲ. ಕ್ಲಿನಿಕ್ ಹೊತ್ತನ್ನೇ 9.30 ಮಾಡಿದರೆ ಖರ್ಚಿಲ್ಲದೆ ಕೆಲಸ ಆಗುತ್ತದೆ.

ಆಮೇಲೆ

ನಿಯಮ ಸರಳವಾಗಿತ್ತು, ಆದರೆ ಆಚರಣೆ ನಿಧಾನ. ಬ್ರಿಟನ್ ಸರ್ಕಾರ 1991ರಲ್ಲಿ ಹೊರತಂದ ರೋಗಿಗಳ ಸನ್ನದಿನಲ್ಲಿ, ಹೊರರೋಗಿಗಳಿಗೆ ನಿರ್ದಿಷ್ಟ ಸಮಯ ಕೊಟ್ಟು ಅದಾದ 30 ನಿಮಿಷದೊಳಗೆ ನೋಡಬೇಕು ಎಂದು ಬರೆಯಬೇಕಾಯಿತು. ಬೇಯ್ಲಿ ಬರೆದು 39 ವರ್ಷ ಆಗಿತ್ತು.

ಲೆಕ್ಕದ ಕಡೆ ಮಾತ್ರ ಕೆಲಸ ಬೆಳೆಯಿತು. 1965ರಲ್ಲಿ ಅಮೆರಿಕದ ಯೇಲ್‌ನ ಫೆಟರ್ ಮತ್ತು ಥಾಂಪ್ಸನ್ ಆಸ್ಪತ್ರೆಯ ಬೇರೆ ಬೇರೆ ವಿಭಾಗಗಳಿಗೆ ಕಂಪ್ಯೂಟರ್ ಸಿಮ್ಯುಲೇಶನ್ ತಂದರು. 1999ರಲ್ಲಿ ಯಾರ್ಕ್‌ನ ಬ್ಯಾಗಸ್ಟ್, ಪ್ಲೇಸ್, ಪಾಸ್ನೆಟ್ ಎಂಬ ಮೂವರು ಇದೇ ದಾಳದಾಟವನ್ನು ಹಾಸಿಗೆಗಳ ಮೇಲೆ ಆಡಿದರು. ತುರ್ತು ರೋಗಿಗಳು ಇಂತಿಷ್ಟೇ ಜನ ಬರುತ್ತಾರೆ ಎಂದು ಹೇಳಲಾಗದ ಆಸ್ಪತ್ರೆಯಲ್ಲಿ ಸರಾಸರಿ 85% ಹಾಸಿಗೆ ತುಂಬಿದ ಮೇಲೆ ಅಪಾಯ ಕಾಣಿಸಿಕೊಳ್ಳುತ್ತದೆ, 90% ದಾಟಿದರೆ ಹಾಸಿಗೆ ಕೊರತೆ ಪದೇ ಪದೇ ಬರುತ್ತದೆ ಎಂದು ಅವರ ಮಾದರಿ ತೋರಿಸಿತು. ಹಾಸಿಗೆ ಖಾಲಿ ಇರುವುದು ದಂಡ ಎನ್ನುವವರಿಗೆ ಅದು ಹಿಡಿಸುವ ಮಾತಲ್ಲ. ದುರದೃಷ್ಟ ಏನೆಂದರೆ, ಆಮೇಲೆ 85 ಎಂಬ ಅಂಕಿ ಮಾದರಿಯಿಂದ ಕಳಚಿಕೊಂಡು ಎಲ್ಲ ಆಸ್ಪತ್ರೆಗೂ ಒಂದೇ ಗುರಿ ಎಂಬಂತೆ ಓಡಾಡಿತು. ಅವರು ಲೆಕ್ಕ ಹಾಕಿದ್ದು 200 ಹಾಸಿಗೆಯ ಒಂದು ಕಲ್ಪಿತ ಆಸ್ಪತ್ರೆಗೆ.

ಬೇಯ್ಲಿ ನಿಯಮವನ್ನೂ ಹಾಗೆ ಕಿತ್ತು ತಂದು ನಮ್ಮ ಓಪಿಡಿಗೆ ಅಂಟಿಸಿದರೆ ಅಂಟುವುದಿಲ್ಲ. ಕರ್ನಾಟಕದ ಯಾವುದೇ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ ಕೂತವರಿಗೆ ಇದು ಗೊತ್ತು. ಮೊದಲನೆಯದಾಗಿ, ಒಬ್ಬರು ಡಾಕ್ಟರನ್ನು ಒಂದೇ ಸಲ ನೋಡುವುದಿಲ್ಲ. ಒಳಗೆ ಹೋದ ಅಜ್ಜಿಗೆ 'ಎಕ್ಸ್‌ರೇ ತೆಗೆಸಿಕೊಂಡು ಬನ್ನಿ' ಎನ್ನುತ್ತಾರೆ. ಅಜ್ಜಿ ಎಕ್ಸ್‌ರೇ ಕ್ಯೂನಲ್ಲಿ ನಿಂತು, ಫಿಲ್ಮ್ ಹಿಡಿದು ಅದೇ ಬಾಗಿಲಿಗೆ ವಾಪಸ್ ಬರುತ್ತಾರೆ. 'ಬರೀ ರಿಪೋರ್ಟ್ ತೋರಿಸೋದು' ಎಂದು ಮಧ್ಯೆ ನುಗ್ಗುವವರು ಇವರೇ. ಅವರದ್ದೂ ತಪ್ಪಲ್ಲ, ಅವರು ಆಗಲೇ ಒಂದು ಸಲ ಕಾದು ಮುಗಿಸಿದ್ದಾರೆ. ಮಾದರಿ ಕಟ್ಟುವವರು ಇವರನ್ನು ಬಿಟ್ಟರೆ ಬಂದ ಉತ್ತರ ಪೂರ್ತಿ ಸುಳ್ಳು. ಎಷ್ಟು ಜನರಿಗೆ ಎಕ್ಸ್‌ರೇ ಬರೆಯುತ್ತಾರೆ, ಅವರು ಎಷ್ಟು ಹೊತ್ತಿಗೆ ವಾಪಸ್ ಬರುತ್ತಾರೆ ಎನ್ನುವುದನ್ನು ಒಂದು ವಾರ ಬಾಗಿಲಲ್ಲಿ ಕೂತು ಬರೆದುಕೊಳ್ಳಲೇಬೇಕು. ಆಮೇಲೆ ಎಕ್ಸ್‌ರೇಗೂ ಒಂದು ದಾಳ.

ಎರಡನೆಯದು ಇನ್ನೂ ಕಷ್ಟದ್ದು. ನನ್ನ ಆಟದಲ್ಲಿ 9.25ರ ರೋಗಿ 9.25ಕ್ಕೇ ಬರುತ್ತಾರೆ. ಬ್ರಿಟನ್ನಿನಲ್ಲೂ ಅದನ್ನು ನಂಬಿ ಕೂರಲಿಲ್ಲ. 1964ರಲ್ಲಿ ವೈಟ್ ಮತ್ತು ಪೈಕ್ ಎಂಬುವರು ರೋಗಿಗಳು ಹೊತ್ತು ಪಾಲಿಸದಿದ್ದರೆ ಏನಾಗುತ್ತದೆ ಎಂದೇ ಬೇರೆ ಅಧ್ಯಯನ ಮಾಡಿದರು. ನಮ್ಮಲ್ಲಿ ಜನ ತಡ ಮಾಡುವುದಕ್ಕಿಂತ ಬೇಗ ಬರುವುದು ಜಾಸ್ತಿ. ಚೀಟಿಯಲ್ಲಿ ಏನೇ ಬರೆದಿರಲಿ, ಒಳಗೆ ಕರೆಯುವುದು ಬಂದ ಸರತಿಯಲ್ಲಿ ಎಂದು ಅವರಿಗೆ ಅನುಭವದಿಂದ ಗೊತ್ತು. ಹಾಗಾಗಿ ಆರು ಗಂಟೆ ಬಸ್ ಹಿಡಿದು, ಏಳಕ್ಕೆ ಬಂದು, ಬಾಗಿಲ ಮುಂದೆ ಚಪ್ಪಲಿಯನ್ನೋ ಫೈಲನ್ನೋ ಸಾಲಿಗಿಡುತ್ತಾರೆ. ಬಂದ ಸರತಿಯಲ್ಲಿ ಕರೆಯುವುದನ್ನು ನಿಲ್ಲಿಸಿ ಚೀಟಿಯ ಹೊತ್ತಿನ ಪ್ರಕಾರ ಕರೆಯಲು ಶುರು ಮಾಡದ ಹೊರತು ಅವರು ನಂಬುವುದಿಲ್ಲ. ಅವರು ಹೊತ್ತಿಗೆ ಸರಿಯಾಗಿ ಬರುತ್ತಾರೆ ಎಂಬ ಧೈರ್ಯ ಬರುವ ತನಕ ಆಸ್ಪತ್ರೆಯವರೂ ಹಾಗೆ ಕರೆಯುವುದಿಲ್ಲ.

ಮೂರು ತಿಂಗಳ ನಂತರ ಅಮ್ಮನನ್ನು ಮತ್ತೆ ತೋರಿಸಬೇಕಿತ್ತು. ಅಷ್ಟರಲ್ಲಿ ಆ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಮೊಬೈಲಿಗೆ ಮೆಸೇಜ್ ಬಂತು: 9.40. ನನಗೆ ಖುಷಿಯೋ ಖುಷಿ. ದಾಳದ ಲೆಕ್ಕ ಬರೆದಿದ್ದ ಹಾಳೆ ತೋರಿಸಿ, 'ಒಂಬತ್ತೂಕಾಲಿಗೆ ಹೊರಟರೆ ಸಾಕಮ್ಮ, ಸುಮ್ನೆ ಕಾಯೋದು ಬೇಡ' ಎಂದು ವಿವರಿಸಿದೆ. ಅಮ್ಮ ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿದಳು, ಸರಿ ಎಂದಳು.

ಮಾರನೇ ದಿನ ಏಳೂವರೆಗೆ ಎದ್ದು ಬಂದರೆ ಸೀರೆ ಉಟ್ಟು, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.